ಭಾವನಿಗೆ ಬೇಕಾದ ಪಿಸ್ತೂಲನ್ನು ನನ್ನ ಹೆಸರಲ್ಲಿ ಕೊಂಡರೆ ಏನಾಗುತ್ತದೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನಿಮಗೆ ಗ್ರೀನ್ ಕಾರ್ಡ್ ಇದೆ, ಟೆಕ್ಸಸ್‌ನಲ್ಲಿದ್ದೀರಿ. ಅಕ್ಕನ ಗಂಡ ಎಚ್-1ಬಿ ವೀಸಾದಲ್ಲಿದ್ದಾರೆ. ಅವರ ಬೀದಿಯಲ್ಲಿ ಎರಡು ಮನೆ ಕಳ್ಳತನ ಆಗಿದೆ. "ದುಡ್ಡು ನಾನು ಕಳಿಸ್ತೀನಿ, ನಿನ್ನ ಹೆಸರಲ್ಲಿ ಒಂದು ಪಿಸ್ತೂಲು ತಗೊಂಡು ಕೊಡು" ಅಂತ ಅವರು ಕೇಳಿದ್ದಾರೆ. ಮನೆಯವರಿಗೇ ತಾನೆ, ಇದರಲ್ಲಿ ತಪ್ಪೇನು ಅನ್ನೋದು ನಿಮ್ಮ ಅನುಮಾನ.

ದಯವಿಟ್ಟು ಕೊಡಿಸಬೇಡಿ. ಭಾವ ಎಷ್ಟೇ ಒಳ್ಳೆಯವರಾಗಿರಲಿ, ಇದು ಅಮೆರಿಕದ ಕೇಂದ್ರ ಕಾನೂನಿನಲ್ಲಿ ಜೈಲು ಸೇರಿಸುವ ಅಪರಾಧ. ನಿಮಗೂ, ಅವರಿಗೂ.

ನಾನು ವಕೀಲನಲ್ಲ. ಆದರೆ ಕೆಲವು ವರ್ಷಗಳ ಹಿಂದೆ ನಾನೂ ಇದೇ ಸ್ಥಿತಿಯಲ್ಲಿದ್ದೆ. ಸ್ನೇಹಿತನೊಬ್ಬ ನನ್ನ ಖಾತೆಗೆ ದುಡ್ಡು ಹಾಕಿದ್ದ. ಅಂಗಡಿಗೆ ಹೋದೆ, ಪಿಸ್ತೂಲು ಆರಿಸಿದೆ, ಬಂದೂಕು ಕೊಳ್ಳುವವರು ಅಂಗಡಿಯಲ್ಲಿ ತುಂಬಬೇಕಾದ 4473 ಅನ್ನೋ ಸರ್ಕಾರಿ ಫಾರ್ಮ್ ಕೈಗೆ ಬಂತು. ಹೆಸರು, ವಿಳಾಸ ಎಲ್ಲ ಬರೆದ ಮೇಲೆ ಒಂದು ಪ್ರಶ್ನೆ ಬಂತು: ಈ ಬಂದೂಕಿನ ನಿಜವಾದ ಖರೀದಿದಾರರು ನೀವೇನಾ? ಬೇರೆಯವರ ಪರವಾಗಿ ಕೊಳ್ಳುತ್ತಿದ್ದರೆ ನೀವು ನಿಜವಾದ ಖರೀದಿದಾರರಲ್ಲ ಅಂತ ಅದರ ಜೊತೆಗೇ ಎಚ್ಚರಿಕೆ ಇತ್ತು. ನಾನು ಪೆನ್ನು ಹಿಡಿದು ಹಾಗೇ ಕೂತೆ. ಕೊನೆಗೆ ಅಂಗಡಿಯವರಿಗೆ "ಇದು ನನ್ನ ಸ್ನೇಹಿತನಿಗೆ" ಅಂದೆ. ಅವರು ಫಾರ್ಮ್ ವಾಪಸ್ ತಗೊಂಡು, ಮಾರೋಕೆ ಆಗಲ್ಲ ಅಂದರು. ಅವತ್ತು ಅವಮಾನ ಅನ್ನಿಸಿತ್ತು. ಆಮೇಲೆ ಕಾನೂನು ಓದಿದಾಗ ಆ ಮನುಷ್ಯನ ಬಗ್ಗೆ ಕೃತಜ್ಞತೆ ಮೂಡಿತು. ಅದು ಇವತ್ತಿಗೂ ಇದೆ.

ಆ ಪ್ರಶ್ನೆ ಯಾಕಿದೆ ಅಂತ ಯೋಚಿಸಿ. ಅಂಗಡಿಯವರು ನಿಮ್ಮ ಹೆಸರನ್ನು ಎಫ್‌ಬಿಐ ನಡೆಸುವ ವ್ಯವಸ್ಥೆಯಲ್ಲಿ ತಪಾಸಣೆ ಮಾಡಿಸುತ್ತಾರೆ. ಆದರೆ ಪಿಸ್ತೂಲು ಸೇರುವುದು ಬೇರೆಯವರ ಕೈಗೆ. ಆಗ ಆ ತಪಾಸಣೆಗೆ ಅರ್ಥವೇ ಉಳಿಯಲ್ಲ. ಅದಕ್ಕೇ ಅಲ್ಲಿ ಸುಳ್ಳು ಬರೆದರೆ 10 ವರ್ಷದವರೆಗೆ ಸಜೆ ಆಗಬಹುದು.

"ಭಾವನ ಮೇಲೆ ಯಾವ ಕೇಸೂ ಇಲ್ಲವಲ್ಲ" ಅಂತ ನೀವು ಹೇಳಬಹುದು. ಆ ವಾದ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಗಿ ಸೋತಿದೆ. ಅದು ಅಬ್ರಾಮ್ಸ್ಕಿ ಕೇಸು. ವರ್ಜೀನಿಯಾದ ಒಬ್ಬ ಮಾಜಿ ಪೊಲೀಸ್ 2009ರಲ್ಲಿ ಪೆನ್ಸಿಲ್ವೇನಿಯಾದಲ್ಲಿದ್ದ ತನ್ನ ಸಂಬಂಧಿಗೆ ಗ್ಲಾಕ್ 19 ಅನ್ನೋ ಪಿಸ್ತೂಲು ಕೊಂಡುಕೊಟ್ಟರು. ಪೊಲೀಸರಿಗೆ ಸಿಗುವ ರಿಯಾಯಿತಿ ಸಿಗಲಿ ಅನ್ನೋದಷ್ಟೇ ಉದ್ದೇಶ. ಸಂಬಂಧಿಗೆ ಬಂದೂಕು ಇಟ್ಟುಕೊಳ್ಳುವ ಹಕ್ಕು ಪೂರ್ತಿ ಇತ್ತು. ಪೆನ್ಸಿಲ್ವೇನಿಯಾದಲ್ಲಿ ಲೈಸೆನ್ಸ್ ಇದ್ದ ಅಂಗಡಿಯ ಮೂಲಕವೇ ಹಸ್ತಾಂತರ ಆಯಿತು, ಅವರ ತಪಾಸಣೆಯೂ ನಡೆಯಿತು. ಆದರೂ ತಪ್ಪು ತಪ್ಪೇ ಅಂತ 2014ರಲ್ಲಿ 5-4 ಬಹುಮತದ ತೀರ್ಪು ಬಂತು. ಸಿಕ್ಕಿಬಿದ್ದದ್ದು ಹೇಗೆ ಗೊತ್ತಾ? ಬೇರೆ ಯಾವುದೋ ತನಿಖೆಗೆ ಮನೆ ಶೋಧಿಸಿದಾಗ, ಪಿಸ್ತೂಲಿನ ಹಣಕ್ಕೆ ಬರೆದುಕೊಟ್ಟ ರಸೀದಿ ಸಿಕ್ಕಿತು. ಸಂಬಂಧಿ ಕಳಿಸಿದ್ದ 400 ಡಾಲರ್ ಚೆಕ್ಕಿನ ಮೇಲೂ "ಗ್ಲಾಕ್ 19" ಅಂತ ಬರೆದಿತ್ತು. ನಿಮ್ಮ ಭಾವ ಫೋನಿನಲ್ಲಿ ದುಡ್ಡು ಕಳಿಸಿದರೆ ಅದೂ ಹೀಗೇ ಉಳಿಯುತ್ತದೆ, ಅಲ್ವಾ?

ಆ ಕೇಸಿನಲ್ಲಿ ಇಬ್ಬರೂ ಅರ್ಹರು. ನಿಮ್ಮದು ಅದಕ್ಕಿಂತ ಕೆಟ್ಟ ಸ್ಥಿತಿ. ಗ್ರೀನ್ ಕಾರ್ಡ್ ಇರುವ ನೀವು ನಿಮಗಾಗಿ ಬಂದೂಕು ಕೊಳ್ಳಬಹುದು. ಆದರೆ ಎಚ್-1ಬಿ, ಎಚ್-4, ಎಲ್-1, ಎಫ್-1 ತರಹದ ತಾತ್ಕಾಲಿಕ ವೀಸಾದಲ್ಲಿ ಇರುವವರು ಕೆಲವು ವಿನಾಯಿತಿ ಬಿಟ್ಟರೆ ಬಂದೂಕು ಇಟ್ಟುಕೊಳ್ಳುವಂತೆಯೇ ಇಲ್ಲ. ನಮ್ಮ ಜನ ಜಾಸ್ತಿ ಎಡವುವುದು ಇಲ್ಲೇ. ವಾರಾಂತ್ಯಕ್ಕೆ ಶೂಟಿಂಗ್ ರೇಂಜ್‌ಗೆ ಹೋಗಿ ಬಾಡಿಗೆ ಪಿಸ್ತೂಲು ಹಿಡಿದು ಫೋಟೋ ಹಾಕುವವರನ್ನು ನೋಡಿದ್ದೇನೆ. ಈ ವೀಸಾದವರಿಗೆ ಅದೂ ನಿಷಿದ್ಧ ಅನ್ನೋದು ಎಷ್ಟೋ ಜನರಿಗೆ ಗೊತ್ತೇ ಇಲ್ಲ.

"ಹಾಗಾದ್ರೆ ನನ್ನ ದುಡ್ಡಲ್ಲಿ ತಗೊಂಡು ಉಡುಗೊರೆ ಕೊಡ್ತೀನಿ" ಅಂತ ಹೊರಟೀರಿ. ನಿಜವಾದ ಉಡುಗೊರೆಗೆ ಕಾನೂನಿನಲ್ಲಿ ಜಾಗ ಇದೆ. ಮಗನ ಹುಟ್ಟುಹಬ್ಬಕ್ಕೆ ಅಪ್ಪ ತನ್ನ ದುಡ್ಡಲ್ಲಿ ಕೊಂಡರೆ ಅಪ್ಪನೇ ಖರೀದಿದಾರ. ಆದರೆ ಪಡೆಯುವವರು ಇಟ್ಟುಕೊಳ್ಳಲು ಅರ್ಹರಾಗಿರಬೇಕು. ನಿಷೇಧ ಇರುವವರಿಗೆ ಗೊತ್ತಿದ್ದೂ ಕೊಟ್ಟರೆ, ಉಡುಗೊರೆಯಾದರೂ ಅದು ಬೇರೆಯೇ ಅಪರಾಧ. ಆಮೇಲೆ ದುಡ್ಡು ತೀರಿಸುವ ಒಪ್ಪಂದ ಇದ್ದರೆ ಅದು ಉಡುಗೊರೆಯೂ ಅಲ್ಲ.

2022ರ ಜೂನ್‌ನಲ್ಲಿ ಬಂದ ಹೊಸ ಕಾನೂನು ಇದನ್ನು ಇನ್ನೂ ಬಿಗಿ ಮಾಡಿತು. ನಿಷೇಧ ಇರುವವರು ಅಂತ ತಿಳಿದೂ ಅವರ ಪರವಾಗಿ ಕೊಂಡರೆ 15 ವರ್ಷದವರೆಗೆ ಸಜೆ. ಆ ಬಂದೂಕು ಗಂಭೀರ ಅಪರಾಧಕ್ಕೆ ಬಳಕೆಯಾಗುತ್ತದೆ ಅಂತ ಗೊತ್ತಿದ್ದರೆ 25. ನಿಷೇಧ ಇದ್ದೂ ಇಟ್ಟುಕೊಂಡ ಭಾವನಿಗೂ 15ರವರೆಗೆ. ಇದರ ಮೇಲೆ ವಲಸೆ ಕಾನೂನು. ಬಂದೂಕನ್ನು ಕಾನೂನು ಮೀರಿ ಕೊಂಡದ್ದಕ್ಕೆ, ಇಟ್ಟುಕೊಂಡದ್ದಕ್ಕೆ ಶಿಕ್ಷೆಯಾದವರನ್ನು ದೇಶದಿಂದ ಹೊರಗೆ ಕಳಿಸಲು ಅಲ್ಲಿ ಪ್ರತ್ಯೇಕ ಕಲಮೇ ಇದೆ. ಗ್ರೀನ್ ಕಾರ್ಡ್ ಅದಕ್ಕೆ ಅಡ್ಡ ಬರಲ್ಲ. ಇಷ್ಟು ವರ್ಷ ಕಾದು ಪಡೆದದ್ದು ಒಂದು ಫಾರ್ಮಿನ ಒಂದು ಉತ್ತರಕ್ಕೆ ಹೋಗುತ್ತದೆ.

ಭಾವ ಮಡಿಕೇರಿ ಕಡೆಯವರು, ಮನೆಯಲ್ಲಿ ಕೋವಿ ಇಟ್ಟುಕೊಂಡೇ ಬೆಳೆದವರು ಅಂತ ಬರೆದಿದ್ದೀರಿ. ಅವರಿಗೆ ಇದು ಯಾಕೆ ವಿಚಿತ್ರ ಅನ್ನಿಸುತ್ತದೆ ಅಂತ ನನಗೆ ಗೊತ್ತಾಗುತ್ತದೆ. ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಊರು ಅದು. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆ. ನಮ್ಮದು ಸಕಲೇಶಪುರದ ಕಡೆ. ತೋಟ ಕಾಯಲು ಲೈಸೆನ್ಸ್ ಕೋವಿ ಇತ್ತು. ಚುನಾವಣೆ ಬಂತೆಂದರೆ ಅಪ್ಪ ಅದನ್ನು ಠಾಣೆಗೆ ಕೊಟ್ಟು ಬರುತ್ತಿದ್ದರು. ಆದರೆ ಅಲ್ಲಿನ ರೂಢಿ, ವಿನಾಯಿತಿ ಯಾವುದೂ ಇಲ್ಲಿಗೆ ಬರಲ್ಲ. ಇಲ್ಲಿ ಭಾವ ಬರೀ ಒಬ್ಬ ವೀಸಾದವರು.

ಅವರಿಗೆ ನೇರ ದಾರಿ ಒಂದಿದೆ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದರೆ ಈ ನಿಷೇಧಕ್ಕೆ ವಿನಾಯಿತಿ ಇದೆ. ಆಗ ಅವರೇ ತಮ್ಮ ಹೆಸರಲ್ಲಿ, ತಮ್ಮ ದುಡ್ಡಲ್ಲಿ, ತಾವೇ ಫಾರ್ಮ್ ತುಂಬಿ ಕೊಳ್ಳಬಹುದು. ಆದರೆ ಟೆಕ್ಸಸ್‌ನ ವಾರ್ಷಿಕ ಬೇಟೆ ಲೈಸೆನ್ಸ್ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಹೊಸದು ಮಾಡಿಸಲು ಮರೆತರೆ ಸೆಪ್ಟೆಂಬರ್ 1ರಿಂದ ಕಪಾಟಿನಲ್ಲಿರುವ ಅದೇ ಪಿಸ್ತೂಲು ಮತ್ತೆ ಅಪರಾಧ. ಇದನ್ನು ಕ್ಯಾಲೆಂಡರಿನಲ್ಲಿ ಬರೆದಿಡುವ ಶಿಸ್ತು ಇಲ್ಲದಿದ್ದರೆ ಅಲಾರಾಂ, ಕ್ಯಾಮೆರಾ, ಗಟ್ಟಿ ಬೀಗವೇ ಸಾಕು ಅನ್ನೋದು ನನ್ನ ಅಭಿಪ್ರಾಯ.

ಭಾವನಿಗೆ ಇಲ್ಲ ಅನ್ನೋದು ಕಷ್ಟ, ಗೊತ್ತು. ಅಕ್ಕನನ್ನೂ ಕೂರಿಸಿಕೊಂಡು, 4473ರ ಆ ಪ್ರಶ್ನೆಯನ್ನು ಇಬ್ಬರಿಗೂ ಓದಿ ಹೇಳಿ. ಅವರು ಈಗಾಗಲೇ ದುಡ್ಡು ಕಳಿಸಿದ್ದರೆ ಇವತ್ತೇ ವಾಪಸ್ ಮಾಡಿ. ಪಿಸ್ತೂಲನ್ನೇ ಕೊಂಡಾಗಿದ್ದರೆ ಅವರ ಕೈಗೆ ಕೊಡಬೇಡಿ, ಇಲ್ಲಿ ಅದರ ಬಗ್ಗೆ ಇನ್ನೊಂದು ಸಾಲೂ ಬರೆಯಬೇಡಿ. ಕ್ರಿಮಿನಲ್ ಮತ್ತು ವಲಸೆ ಎರಡೂ ಗೊತ್ತಿರುವ ವಕೀಲರನ್ನು ನಾಳೆ ಬೆಳಿಗ್ಗೆಯೇ ನೋಡಿ.