ಎಂಟು ವರ್ಷ ಕೊಟ್ಟಿಗೆಯಲ್ಲಿ ನಿಂತ ಜೀಪಿಗೆ ಮೊದಲು ಏನು ಮಾಡಬೇಕು?

ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಅಪ್ಪ ಓಡಿಸುತ್ತಿದ್ದ 1992ರ ಮಹೀಂದ್ರಾ ಎಂಎಂ 540 ಜೀಪು 8 ವರ್ಷದಿಂದ ಕೊಟ್ಟಿಗೆಯಲ್ಲಿ ನಿಂತಿದೆ. ಅದನ್ನು ಮತ್ತೆ ಓಡಿಸಬೇಕು, ಆದಷ್ಟು ಕೆಲಸ ಮನೆಯಲ್ಲೇ ಮಾಡಿಕೊಳ್ಳಬೇಕು, ಜೊತೆಗೆ ದೊಡ್ಡ ಟೈರು, ಹೂತ ಗಾಡಿಯನ್ನು ಹಗ್ಗದಲ್ಲಿ ಎಳೆಯುವ ವಿಂಚು ಹಾಕಿಸಬೇಕು ಅಂದಿದ್ದೀರಿ. ಕೈಯಲ್ಲಿರುವ ಒಂದು ಲಕ್ಷವನ್ನು ಎಲ್ಲಿಂದ ಖರ್ಚು ಮಾಡಲು ಶುರು ಮಾಡಲಿ ಅನ್ನುವುದು ನಿಮ್ಮ ಪ್ರಶ್ನೆ.

ಬ್ರೇಕಿನಿಂದ ಶುರು ಮಾಡಿ. ಟೈರು, ವಿಂಚು ಕೊನೆಗೆ.

ನಮ್ಮದು ಕೊಪ್ಪದ ಹತ್ತಿರ ಅಡಿಕೆ ತೋಟ. ಮನೆಯ ಜೀಪೂ ಇದೇ ಮಾಡೆಲ್. ಹೀಗೇ ನಿಂತಿದ್ದ ಅದನ್ನು ಎಬ್ಬಿಸಿದಾಗ ನಾನು ಮೊದಲು ತಂದಿದ್ದು ಹೊಸ ಟೈರು. ಇಂಜಿನ್ ಸ್ಟಾರ್ಟ್ ಆಗುತ್ತಿತ್ತು, ಪೆಡಲ್ ಒತ್ತಿದರೆ ನಿಲ್ಲುತ್ತಿತ್ತು, ಸಾಕು ಅನ್ನಿಸಿತು. ಒಂದು ತಿಂಗಳ ಮೇಲೆ ಗೊಬ್ಬರದ ಮೂಟೆ ಹೇರಿಕೊಂಡು ತೋಟದ ಇಳಿಜಾರು ಇಳಿಯುವಾಗ ಪೆಡಲ್ ಸೀದಾ ಕೆಳಗೆ ಹೋಯಿತು. ಪುಣ್ಯಕ್ಕೆ ಫಸ್ಟ್ ಗೇರಿನಲ್ಲಿದ್ದೆ. ಪಕ್ಕದ ಧರೆಗೆ ಒರೆಸಿ ನಿಲ್ಲಿಸಿದೆ. ಹಿಂದೆ ಇಬ್ಬರು ಕೂತಿದ್ದರು, ಅವರಿಗೆ ಏನೂ ಆಗಲಿಲ್ಲ. ಬಿಚ್ಚಿ ನೋಡಿದರೆ ಹಿಂದಿನ ಒಂದು ಚಕ್ರದ ಬ್ರೇಕ್ ಒತ್ತುವ ವೀಲ್ ಸಿಲಿಂಡರಿನಲ್ಲಿ ಆಯಿಲ್ ತಡೆಯುವ ರಬ್ಬರ್ ಕಪ್ ಹರಿದು ಬ್ರೇಕ್ ಆಯಿಲ್ ಎಲ್ಲ ಡ್ರಮ್ಮಿನೊಳಗೆ ಸೋರಿತ್ತು. ಒಂದು ಟೈರಿನ ದುಡ್ಡಿನಲ್ಲಿ ನಾಲ್ಕೂ ಚಕ್ರದ ರಬ್ಬರ್ ಕಪ್ ಬದಲಿಸಿ ಮಿಗುತ್ತಿತ್ತು.

ಹಾಗಾಗಿ ನಾಲ್ಕೂ ಡ್ರಮ್ ಬಿಚ್ಚಿ. ವೀಲ್ ಸಿಲಿಂಡರ್ ಒಳಗೆ ತುಕ್ಕಿನ ಗುಳಿ ಬಿದ್ದಿದ್ದರೆ ಉಜ್ಜಿ ಹಾಕಬೇಡಿ, ಹೊಸದೇ ಹಾಕಿ. ರಬ್ಬರ್ ಹೋಸುಗಳನ್ನು ಹೇಗಿದ್ದರೂ ಬದಲಿಸಿ. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡು ಆಯಿಲ್ ವಾಪಸ್ ಬರದೆ ಬ್ರೇಕ್ ಹಿಡಿದುಕೊಳ್ಳುತ್ತದೆ. ಬ್ರೇಕಿನ ರಬ್ಬರನ್ನು ಡೀಸೆಲ್ಲಿನಲ್ಲೋ ಪೆಟ್ರೋಲಿನಲ್ಲೋ ತೊಳೆಯಲೇಬೇಡಿ. ಊರಿನ ಗ್ಯಾರೇಜುಗಳಲ್ಲೂ ಈ ತಪ್ಪು ನಡೆಯುತ್ತದೆ. ರಬ್ಬರ್ ಉಬ್ಬಿ ಕೆಲವೇ ವಾರದಲ್ಲಿ ಹಾಳಾಗುತ್ತದೆ. ಹೊಸ ಬ್ರೇಕ್ ಆಯಿಲ್‌ನಲ್ಲೇ ಒರೆಸಿ. ಡ್ರಮ್ಮಿನ ಧೂಳನ್ನು ಊದಬೇಡಿ. ಹಳೆ ಬ್ರೇಕ್ ಲೈನರುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರಬಹುದು, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿ ಬಟ್ಟೆ ಎಸೆಯಿರಿ.

ಬ್ರೇಕ್ ಪೈಪಿನ ಏರ್ ತೆಗೆಯುವಾಗ, ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನಿಂದ ದೂರದ ಚಕ್ರ ಮೊದಲು, ಅಂದರೆ ಹಿಂದಿನ ಎಡಗಡೆಯದು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಆ ಚಕ್ರದ ಏರ್ ನಿಪ್ಪಲ್ ಸಡಿಲಿಸಿ ಬಿಗಿ ಮಾಡಬೇಕು. ಬಿಗಿ ಮಾಡುವ ಮೊದಲು ಕಾಲು ತೆಗೆದರೆ ಗಾಳಿ ಮತ್ತೆ ಒಳಗೆ ಹೋಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ನಮ್ಮ ಮಲೆನಾಡಿನಲ್ಲಂತೂ ಕೇಳಬೇಡಿ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ.

ಈ ಕೆಲಸಕ್ಕೆ ಗಾಡಿ ಎತ್ತುವ ಮೊದಲು ಒಂದು ಮಾತು. ಬಹಳಷ್ಟು ಹಳೆ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಚಕ್ರವನ್ನಲ್ಲ, ಟ್ರಾನ್ಸ್‌ಫರ್ ಕೇಸಿನ, ಅಂದರೆ ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆಯ, ಹಿಂದೆ ಚಕ್ರಗಳ ಕಡೆ ಹೋಗುವ ಪ್ರೊಪೆಲ್ಲರ್ ಶಾಫ್ಟನ್ನು. ಹಿಂದಿನ ಒಂದು ಚಕ್ರ ನೆಲ ಬಿಟ್ಟ ಕೂಡಲೇ ಆ ಚಕ್ರ ಗಾಳಿಯಲ್ಲಿ ತಿರುಗುತ್ತದೆ, ಇನ್ನೊಂದು ಉರುಳುತ್ತದೆ. ಹ್ಯಾಂಡ್ ಬ್ರೇಕ್ ಎಳೆದಿದ್ದರೂ ಜೀಪು ಜಾಕಿನಿಂದ ಜಾರುತ್ತದೆ. ನೆಲದ ಮೇಲಿರುವ ಚಕ್ರಗಳಿಗೆ ಮುಂದೆ, ಹಿಂದೆ ಎರಡೂ ಕಡೆ ಕಲ್ಲು ಕೊಡಿ. ಎರಡು ಚಕ್ರಗಳ ನಡುವಿನ ಆಕ್ಸಲ್ ಹೌಸಿಂಗ್ ಕೆಳಗೆ ಸ್ಟ್ಯಾಂಡೋ ಗಟ್ಟಿ ಮರದ ದಿಮ್ಮಿಯೋ ಇಡಿ. ಬರೀ ಜಾಕ್ ನಂಬಿಕೊಂಡು ಕೆಳಗೆ ನುಗ್ಗಬೇಡಿ.

ಇನ್ನು ಇಂಜಿನ್. ಎಂಎಂ 540ರಲ್ಲಿರುವುದು ಪ್ಯೂಜೋ ಲೈಸೆನ್ಸಿನ ಎಕ್ಸ್‌ಡಿಪಿ 4.90, 2112 ಸಿಸಿ ಡೀಸೆಲ್. ಗಟ್ಟಿ ಇಂಜಿನ್. ಆದರೆ 8 ವರ್ಷದ ಮೇಲೆ ಬ್ಯಾಟರಿ ಕೊಟ್ಟು ನೇರ ಸೆಲ್ಫ್ ಹೊಡೆಯುವುದು ತಪ್ಪು. ಮೊದಲು ಏರ್ ಕ್ಲೀನರ್ ಬಿಚ್ಚಿ. ನಮ್ಮದರಲ್ಲಿ ಇಲಿ ಗೂಡು ಕಟ್ಟಿತ್ತು, ಅಡಿಕೆ ಸಿಪ್ಪೆ ತುಂಬಿತ್ತು. ಬಾನೆಟ್ ಎತ್ತುವಾಗ ಕೋಲಿನಲ್ಲಿ ತಟ್ಟಿ ಎತ್ತಿ, ಇಲಿ ಇದ್ದಲ್ಲಿ ಹಾವೂ ಬರುತ್ತದೆ ಅಲ್ವಾ. ಇಂಜಿನ್ ಆಯಿಲ್, ಫಿಲ್ಟರ್ ಹೊಸದು ಹಾಕಿ. ಇಂಜೆಕ್ಟರ್ ಬಿಚ್ಚಿ ಪ್ರತಿ ಸಿಲಿಂಡರಿಗೆ ಎರಡು ಚಮಚ ಆಯಿಲ್ ಬಿಟ್ಟು ಒಂದು ರಾತ್ರಿ ಬಿಡಿ. ಮಾರನೇ ದಿನ ಮುಂದಿನ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ನಿಧಾನ ತಿರುಗಿಸಿ. ಎರಡು ಪೂರ್ತಿ ಸುತ್ತು ಸಲೀಸಾಗಿ ತಿರುಗಿದರೆ ಮಾತ್ರ ಮುಂದೆ ಹೋಗಿ. ಬಿಗಿ ಬಂದರೆ ಜೋರು ಮಾಡಬೇಡಿ.

ಟ್ಯಾಂಕಿನ ಹಳೆ ಡೀಸೆಲ್ ಪೂರ್ತಿ ಇಳಿಸಿ. ತಳದಲ್ಲಿ ನೀರು, ತುಕ್ಕು, ಕಪ್ಪು ಲೋಳೆ ಇರುತ್ತದೆ. ಅದು ಇಂಜೆಕ್ಟರುಗಳಿಗೆ ಡೀಸೆಲ್ ತಳ್ಳುವ ಪಂಪಿಗೆ ಹೋದರೆ ನಿಮ್ಮ ಲಕ್ಷದಲ್ಲಿ ದೊಡ್ಡ ಪಾಲು ಅಲ್ಲೇ ಮುಗಿಯುತ್ತದೆ. ಹೊಸ ಡೀಸೆಲ್, ಹೊಸ ಫಿಲ್ಟರ್ ಹಾಕಿ. ಫಿಲ್ಟರಿನ ಸ್ಕ್ರೂ ಸಡಿಲಿಸಿ ಕೈ ಪಂಪ್ ಒತ್ತುತ್ತಾ ಗುಳ್ಳೆ ನಿಲ್ಲುವವರೆಗೆ ಏರ್ ತೆಗೆಯಿರಿ. ಆಮೇಲೆ ಪಂಪಿನಲ್ಲಿ, ಕೊನೆಗೆ ಇಂಜೆಕ್ಟರ್ ಪೈಪಿನ ನಟ್ಟುಗಳಲ್ಲಿ. ಸೆಲ್ಫ್ ಹೊಡೆಯುವಾಗ ಆ ನಟ್ಟುಗಳ ಹತ್ತಿರ ಕೈ ಇಡಬೇಡಿ. ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.

ಮೊದಲ ಸ್ಟಾರ್ಟಿಗೆ ಯಾರಾದರೂ ಒಬ್ಬರು ಏರ್ ಕ್ಲೀನರ್ ಪೈಪ್ ಬಿಚ್ಚಿಟ್ಟು, ಇಂಜಿನ್ನಿಗೆ ಗಾಳಿ ಹೋಗುವ ಬಾಯಿ ಮುಚ್ಚುವಷ್ಟು ಅಗಲದ ಹಲಗೆ ಹಿಡಿದು ನಿಂತಿರಲಿ. ತುಂಬಾ ದಿನ ನಿಂತ ಡೀಸೆಲ್ ಪಂಪಿನೊಳಗೆ ಭಾಗ ಅಂಟಿಕೊಂಡಿದ್ದರೆ ಇಂಜಿನ್ ಸ್ಪೀಡ್ ಏರುತ್ತಲೇ ಹೋಗುತ್ತದೆ, ಸ್ಟಾಪ್ ನಾಬ್ ಎಳೆದರೂ ನಿಲ್ಲುವುದಿಲ್ಲ. ಆಗ ಗಾಳಿ ಮುಚ್ಚುವುದೊಂದೇ ದಾರಿ. ಹಲಗೆಯೇ ಬೇಕು, ಕೈ ಅಡ್ಡ ಇಡಬೇಡಿ, ಬಟ್ಟೆ ತುರುಕಬೇಡಿ.

ಸ್ಟೇರಿಂಗಿಗೆ ಒಂದು ಸುಲಭ ಪರೀಕ್ಷೆ ಇದೆ. ಒಬ್ಬರು ಕೂತು ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ಸಣ್ಣಗೆ ಅಲ್ಲಾಡಿಸಲಿ, ನೀವು ಕೆಳಗಿನಿಂದ ನೋಡಿ. ಚಕ್ರ ತಿರುಗಿಸುವ ಕಂಬಿಗಳ ತುದಿಯ ಕೀಲೇ ಟೈ ರಾಡ್ ಎಂಡ್. ಯಾವುದು ಮೊದಲು ಸುಮ್ನೆ ಕುಣಿಯುತ್ತದೋ ಅದು ಮುಗಿದಿದೆ. ಆಮೇಲೆ ಮುಂದಿನ ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ವೀಲ್ ಬೇರಿಂಗೋ, ಚಕ್ರ ಎಡಕ್ಕೆ ಬಲಕ್ಕೆ ತಿರುಗಲು ಆಧಾರವಾದ ಕಿಂಗ್ ಪಿನ್ನೋ ನೋಡಬೇಕು. 50ರ ಸ್ಪೀಡಿನಲ್ಲಿ ಸ್ಟೇರಿಂಗ್ ಗಡಗಡ ನಡುಗುವ ರೋಗಕ್ಕೆ ಬರೀ ಅಲೈನ್‌ಮೆಂಟ್ ಮಾಡಿಸಿದರೆ ಸಾಲದು, ಕಾರಣ ಬಹುತೇಕ ಇಲ್ಲೇ ಇರುತ್ತದೆ. ಸ್ಪ್ರಿಂಗ್ ಪ್ಲೇಟಿನ ಬುಷ್ ಬದಲಿಸಿ, ಪ್ಲೇಟನ್ನು ಹೌಸಿಂಗಿಗೆ ಬಿಗಿಯುವ ಯು ಬೋಲ್ಟನ್ನು 100 ಕಿ.ಮೀ. ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿ ಮಾಡಿ. ಗ್ರೀಸ್ ಗನ್ ಒಂದು ತಂದಿಟ್ಟುಕೊಳ್ಳಿ. ಮಳೆಗಾಲದಲ್ಲಿ ನಾನು ಹದಿನೈದು ದಿನಕ್ಕೊಮ್ಮೆ ಎಲ್ಲ ಗ್ರೀಸ್ ನಿಪ್ಪಲ್ಲಿಗೂ ಹೊಸ ಗ್ರೀಸ್ ಹೊರಬರುವ ತನಕ ಹೊಡೆಯುತ್ತೇನೆ. ಒಳಗಿನ ಕೆಸರು ನೀರು ಹಾಗೇ ಹೊರಗೆ ಬರುತ್ತದೆ.

ಅಪ್‌ಗ್ರೇಡ್ ಅಂತ ಕೇಳಿದ್ದೀರಲ್ಲ, ನನಗೆ ಅತಿ ಹೆಚ್ಚು ಉಪಯೋಗವಾದ ಎರಡೂ ಕಣ್ಣಿಗೆ ಕಾಣುವುದಿಲ್ಲ. ಒಂದು, ಹೌಸಿಂಗಿನ ಬ್ರೀದರ್, ಅಂದರೆ ಒಳಗಿನ ಗಾಳಿ ಆಡುವ ಸಣ್ಣ ತೂತು. ಓಡಿ ಬಿಸಿಯಾದ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ನೀರು ಎಳೆದುಕೊಳ್ಳುತ್ತದೆ. ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಇದೇ ಕಾರಣ. ಬ್ರೀದರಿಗೆ ಒಂದು ಡೀಸೆಲ್ ಪೈಪ್ ಸಿಕ್ಕಿಸಿ ಬಾನೆಟ್ ಎತ್ತರಕ್ಕೆ ತಂದು, ತುದಿಗೆ ಸಣ್ಣ ಫಿಲ್ಟರ್ ಹಾಕಿ. ಅರ್ಧ ದಿನದ ಕೆಲಸ, ಹೌಸಿಂಗ್ ಒಳಗಿನ ಗೇರುಗಳಾದ ಕ್ರೌನು ಪಿನಿಯನ್ನು ಉಳಿಯುತ್ತದೆ. ಎರಡು, ಹೆಡ್‌ಲೈಟಿಗೆ ರಿಲೇ, ಅಂದರೆ ಸಣ್ಣ ಕರೆಂಟಿನಲ್ಲಿ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್. ಮೂಲ ವೈರಿಂಗಿನಲ್ಲಿ ಲೈಟಿನ ಕರೆಂಟ್ ಪೂರ್ತಿ ಹಳೆ ಸ್ವಿಚ್ಚಿನ ಮೂಲಕವೇ ಹೋಗುತ್ತದೆ. ಎರಡು 60 ವ್ಯಾಟ್ ಬಲ್ಬ್ ಅಂದರೆ 12 ವೋಲ್ಟಿನಲ್ಲಿ 10 ಆಂಪಿಯರ್. ಸ್ವಿಚ್ ಬಿಸಿಯಾಗುತ್ತದೆ, ಲೈಟ್ ಮಂಕಾಗುತ್ತದೆ. ಬ್ಯಾಟರಿಯಿಂದ ಫ್ಯೂಸ್ ಹಾಕಿ ರಿಲೇ ಮೂಲಕ ಕೊಟ್ಟರೆ ಅದೇ ಬಲ್ಬ್ ಎಷ್ಟು ಬೆಳಗುತ್ತದೆ ಅಂತ ನೀವೇ ನೋಡಿ. ದುಡ್ಡು ಉಳಿದರೆ ಮುಂದೆ ಡಿಸ್ಕ್ ಬ್ರೇಕ್ ಮಾಡಿಸಬಹುದು, ಅದು ತಿಳಿದವರ ಕೈಯಲ್ಲೇ ಆಗಬೇಕು.

ದೊಡ್ಡ ಟೈರಿನ ಆಸೆ ನನಗೂ ಅರ್ಥವಾಗುತ್ತದೆ. ಆದರೆ ಟೈರಿನ ವ್ಯಾಸ 10 ಶೇಕಡ ಹೆಚ್ಚಾದರೆ ಎಲ್ಲ ಗೇರೂ ಅಷ್ಟೇ ಭಾರವಾಗುತ್ತದೆ. ಈ ಇಂಜಿನ್ನಿನ ಶಕ್ತಿ ಸುಮಾರು 62 ಎಚ್‌ಪಿ ಅಷ್ಟೇ. ಏರಿನಲ್ಲಿ ಕ್ಲಚ್ ಸುಡುತ್ತದೆ, ನಿಲ್ಲಿಸಲು ಜಾಸ್ತಿ ದೂರ ಬೇಕು, ಮೀಟರ್ 50 ತೋರಿಸುವಾಗ ನೀವು 55ರಲ್ಲಿರುತ್ತೀರಿ. ಮೂಲ ಅಳತೆಯಲ್ಲೇ ಒಳ್ಳೆ ಮಡ್ ಟೈರ್ ಹಾಕಿ. ಜೂನ್‌ನಿಂದ ಸೆಪ್ಟೆಂಬರ್ ತನಕ ತೋಟದ ಜಾರಿಗೆ ನಮ್ಮ ಕಡೆಯವರು ಟೈರಿಗೆ ಚೈನ್ ಕಟ್ಟುತ್ತಾರೆ. ವಿಂಚಿಗಿಂತ ನನಗೆ ಅದರ ಮೇಲೇ ನಂಬಿಕೆ. ಭಾರ ಬಿದ್ದಾಗ ವಿಂಚು ನೂರಾರು ಆಂಪಿಯರ್ ಎಳೆಯುತ್ತದೆ, ಹಳೆ ಬ್ಯಾಟರಿ, ಆಲ್ಟರ್ನೇಟರ್ ತಡೆಯುವುದಿಲ್ಲ.

ಕಾಗದ ಮರೆಯಬೇಡಿ. 15 ವರ್ಷ ದಾಟಿದ ಖಾಸಗಿ ಗಾಡಿಗೆ 5 ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಆಗಬೇಕು, ನಿಮ್ಮದರ ಕೊನೆಯದು ಯಾವಾಗ ಆಗಿದೆ ನೋಡಿ. ಕಂಪನಿಯ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸಬಾರದು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಾಡಿ ಕತ್ತರಿಸುವ ಯೋಚನೆ ಇದ್ದರೆ ಮೊದಲು ಆರ್‌ಟಿಒದಲ್ಲಿ ಕೇಳಿ.

ಇವೆಲ್ಲಕ್ಕೂ ಮೊದಲು, ಈ ಭಾನುವಾರವೇ, ಒಂದು ಸಣ್ಣ ಸುತ್ತಿಗೆ ಹಿಡಿದು ಚಾಸಿಯನ್ನು ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ತುಕ್ಕು ತಿಂದ ಜಾಗ ದಪ್ ಅನ್ನುತ್ತದೆ. ಸ್ಪ್ರಿಂಗ್ ಪ್ಲೇಟ್ ಕೂರುವ ಬ್ರಾಕೆಟ್ಟುಗಳ ಹತ್ತಿರ ಎರಡೆರಡು ಸಲ ತಟ್ಟಿ. ಎಲ್ಲೆಲ್ಲಿ ದಪ್ ಅಂದಿತು ಅಂತ ಇಲ್ಲೇ ಬರೆಯಿರಿ, ಸಾಧ್ಯವಾದರೆ ಫೋಟೋ ಹಾಕಿ. ಅದನ್ನು ನೋಡಿ ವೆಲ್ಡಿಂಗಿಗೆ ಎಷ್ಟು ದುಡ್ಡು ಎತ್ತಿಡಬೇಕು ಅಂತ ಹೇಳುತ್ತೇನೆ.