‘ಸಾಲದು’ ಎಂಬ ಮಾತಿನ ಜೊತೆ ಹನ್ನೊಂದು ವಾರ

ಆಪ್ತಸಲಹೆಯ ಮೊದಲ ಭೇಟಿಗೆ ಆಕೆ ನಾಲ್ಕು ನಿಮಿಷ ತಡವಾಗಿ ಬಂದರು. ಆ ನಾಲ್ಕು ನಿಮಿಷಕ್ಕೆ ನನ್ನ ಫೋನಿಗೆ ಮೂರು ಕ್ಷಮಾಪಣೆ ಬಂದಿದ್ದವು. ಬಾಗಿಲಲ್ಲಿ ನಿಂತು ನಾಲ್ಕನೆಯದನ್ನೂ ಕೇಳಿ, ಕುರ್ಚಿಯ ತುದಿಯಲ್ಲಿ ಕೂತು, ಫೋನನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡರು. ನಾವು ಮಾತಾಡುತ್ತಿದ್ದಷ್ಟು ಹೊತ್ತಿನಲ್ಲಿ ಅದು ಹನ್ನೊಂದು ಸಲ ಅದುರಿತು. ಪ್ರತಿ ಸಲ ಅವರ ಬಲಭುಜ ಕಿವಿಯ ಕಡೆಗೆ ಒಂದಿಷ್ಟು ಏರಿ ಇಳಿಯುತ್ತಿತ್ತು. ಮಾತು ಮಾತ್ರ ನಿಲ್ಲುತ್ತಿರಲಿಲ್ಲ. ಕೊನೆಗೆ ಭುಜದ ವಿಷಯ ಹೇಳಿದಾಗ, “ಹೌದಾ? ಏರುತ್ತಾ?” ಎಂದು ತಮ್ಮದೇ ಭುಜವನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡರು.

ಇದನ್ನು ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ವಯಸ್ಸು ನಲವತ್ತರ ಆಸುಪಾಸು. ಸೇವಾ ಸಂಸ್ಥೆಯೊಂದರಲ್ಲಿ ಗ್ರಾಹಕರ ದೂರು ವಿಭಾಗದ ಮೇಲ್ವಿಚಾರಕಿ. ಕೈಕೆಳಗೆ ಹದಿನಾಲ್ಕು ಜನ ಇರಬೇಕಾದಲ್ಲಿ ಹನ್ನೊಂದು ಜನ. ಬಿಟ್ಟುಹೋದ ಮೂವರ ಕೆಲಸ ಈಕೆಗೆ ಗೊತ್ತೇ ಆಗದ ಹಾಗೆ ಈಕೆಯ ಮೇಜಿಗೇ ಬಂದು ಸೇರಿತ್ತು. ರಾತ್ರಿ ಮೂರಕ್ಕೆ ಎಚ್ಚರ. ರಜೆ ಮುಗಿಯುವ ಹಿಂದಿನ ಸಂಜೆಯೇ ಹೊಟ್ಟೆಯಲ್ಲಿ ಸಂಕಟ. ಇದನ್ನೆಲ್ಲ ವರದಿ ಓದುವವರಂತೆ ಹೇಳಿಕೊಂಡು ಬಂದವರು ಒಂದು ಕಡೆ ತಡೆದರು: “ಮೊನ್ನೆ ಫೋನಿನಲ್ಲಿ ಒಬ್ಬರು ಅಳ್ತಾ ಇದ್ರು. ನಾನು ಗಡಿಯಾರ ನೋಡ್ತಾ ಇದ್ದೆ. ನಾನು ಹೀಗಿರಲಿಲ್ಲ.” ತಮ್ಮ ಸ್ಥಿತಿಗೆ ಅವರೇ ಕೊಟ್ಟ ಹೋಲಿಕೆ ನನ್ನ ಯಾವ ಪಾರಿಭಾಷಿಕ ಪದಕ್ಕಿಂತಲೂ ಚೆನ್ನಾಗಿತ್ತು: “ಎಣ್ಣೆ ಮುಗಿದ ಮೇಲೆ ದೀಪದಲ್ಲಿ ಬತ್ತಿಯೇ ಉರಿಯುತ್ತಲ್ಲ, ಆ ವಾಸನೆ.”

ಕೆಲಸದ ಒತ್ತಡದಲ್ಲಿ ಹೀಗೆ ಬತ್ತಿಹೋಗುವುದಕ್ಕೆ ಬರ್ನ್‌ಔಟ್ ಎನ್ನುತ್ತಾರೆ. ಈ ಪದವನ್ನು ಈ ಅರ್ಥದಲ್ಲಿ 1974ರಲ್ಲಿ ಚಲಾವಣೆಗೆ ತಂದ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದವರನ್ನು ನೋಡಿ ಬರೆದದ್ದು. ಸ್ವತಃ ಹಾಗೆ ಬತ್ತಿದವರಲ್ಲಿ ಅವರೂ ಒಬ್ಬರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗ ವರ್ಗೀಕರಣದಲ್ಲಿ ಇದಕ್ಕೆ ಮೂರು ಲಕ್ಷಣ ಹೇಳಿದೆ. ಶಕ್ತಿ ಬರಿದಾಗುವುದು, ಕೆಲಸದ ಬಗ್ಗೆ ದೂರ ಅಥವಾ ಕಹಿ ಬೆಳೆಯುವುದು, ‘ನನ್ನಿಂದ ಏನೂ ಆಗುತ್ತಿಲ್ಲ’ ಎಂಬ ಭಾವ. ಅದೇ ದಾಖಲೆ ಇದನ್ನು ಕಾಯಿಲೆ ಎಂದು ಕರೆಯುವುದಿಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎನ್ನುತ್ತದೆ. ಈ ವ್ಯತ್ಯಾಸ ನನಗೆ ಮುಖ್ಯ. ಕಾಯಿಲೆ ಎಂದರೆ ರೋಗಿಯನ್ನಷ್ಟೇ ನೋಡುತ್ತೇವೆ. ಇಲ್ಲಿ ಕೆಲಸವನ್ನೂ ನೋಡಬೇಕು.

ಹಾಗಂತ ದೇಹವನ್ನು ಬಿಡುವ ಹಾಗಿಲ್ಲ. ಎಲ್ಲವೂ ಮನಸ್ಸಿನದೇ ಅನ್ನಿಸುವ ಖಾಯಿಲೆ ನಮ್ಮಂಥ ಆಪ್ತಸಲಹೆಗಾರರಿಗಿದೆ. ಮೊದಲು ವೈದ್ಯರ ಬಳಿ ಕಳಿಸಿದೆ. ಥೈರಾಯ್ಡ್ ಸರಿಯಿತ್ತು, ಹಿಮೋಗ್ಲೋಬಿನ್ ಕಡಿಮೆಯಿತ್ತು, ಅದಕ್ಕೆ ಔಷಧಿ ಶುರುವಾಯಿತು. ಖಿನ್ನತೆಯನ್ನು ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿಯನ್ನು ಒಟ್ಟಿಗೆ ಕೂತು ತುಂಬಿದೆವು. ಸಾವಿನ ಯೋಚನೆಯ ಬಗ್ಗೆ ಕೇಳುವ ಒಂಬತ್ತನೆಯದನ್ನು ನಾನು ಕಾಗದಕ್ಕೆ ಬಿಡುವುದಿಲ್ಲ, ಬಾಯಿಬಿಟ್ಟೇ ಕೇಳುತ್ತೇನೆ. ಅಂಥ ಯೋಚನೆ ಅವರಿಗಿರಲಿಲ್ಲ. ಇದ್ದಿದ್ದರೆ ಈ ಪ್ರಕರಣ ಬೇರೆಯೇ ದಾರಿ ಹಿಡಿಯುತ್ತಿತ್ತು, ಮನೋವೈದ್ಯರು ಅಂದೇ ಜೊತೆಗೂಡುತ್ತಿದ್ದರು.

ಎರಡನೆಯ ಭೇಟಿಯಲ್ಲಿ ತಿಳಿದ ಸಂಗತಿ: ಧ್ಯಾನ ಅವರಿಗೆ ಹೊಸದಲ್ಲ. ಎರಡು ತಿಂಗಳಿಂದ ಫೋನಿನ ಆ್ಯಪ್ ಹಾಕಿಕೊಂಡು ರಾತ್ರಿ ಹತ್ತು ನಿಮಿಷ ಕೂರುತ್ತಿದ್ದರು. ಯಾಕೆ ಅಂದೆ. “ಬೇಗ ಶಾಂತ ಆದ್ರೆ ಮತ್ತೆ ಲ್ಯಾಪ್‌ಟಾಪ್ ತೆಗೀಬಹುದಲ್ಲ.” ಶಾಂತವಾಗುತ್ತಿರಲಿಲ್ಲ. ಆಗ ‘ಧ್ಯಾನ ಮಾಡೋದಕ್ಕೂ ಬರಲ್ಲ’ ಎಂಬ ಹೊಸ ಅಂಕ ಅವರ ಲೆಕ್ಕದ ಪುಸ್ತಕಕ್ಕೆ ಸೇರುತ್ತಿತ್ತು. ಅವರ ಸಂಸ್ಥೆ ಊಟದ ವಿರಾಮದಲ್ಲಿ ಒತ್ತಡ ನಿರ್ವಹಣೆಯ ಕಡ್ಡಾಯ ಕಾರ್ಯಾಗಾರವನ್ನೂ ನಡೆಸಿತ್ತಂತೆ. ಊಟ ತಪ್ಪಿಸಿ ಉಸಿರು ಎಣಿಸಿದ ಆ ಗಂಟೆಯ ಬಗ್ಗೆ ನಾವಿಬ್ಬರೂ ಸ್ವಲ್ಪ ನಕ್ಕೆವು.

ಜಾನ್ ಕಬಾಟ್-ಜಿನ್ 1979ರಲ್ಲಿ ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣದ ಅನುಭವವನ್ನು ಗಮನಿಸುವ ಧ್ಯಾನದ ತರಬೇತಿ ಶುರುಮಾಡಿದ್ದು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ. ಮೊದಮೊದಲು ಬಂದವರಲ್ಲಿ ಬಹಳ ಮಂದಿ ಔಷಧಿಗೆ ಬಗ್ಗದ ನೋವಿನವರು. ನೋವು ಹೋಗುತ್ತದೆ ಎಂಬ ಭರವಸೆ ಅಲ್ಲಿರಲಿಲ್ಲ; ಇರುವ ನೋವನ್ನು ಇರುವ ಹಾಗೆ, ತೀರ್ಪು ಕೊಡದೆ ನೋಡುವ ಅಭ್ಯಾಸವಿತ್ತು. ಶಾಂತಿ ಬಂದರೆ ಬರಲಿ, ಬರದಿದ್ದರೆ ‘ಬಂದಿಲ್ಲ’ ಎಂದು ಗಮನಿಸಿದರೂ ಅಭ್ಯಾಸ ಆದಂತೆಯೇ. ಇದನ್ನು ಕೇಳಿ ಆಕೆ, “ಹಾಗಾದ್ರೆ ನಾನು ಫೇಲ್ ಆಗಿರಲಿಲ್ಲವಾ?” ಎಂದರು.

ಕಣ್ಣು ಮುಚ್ಚಿ ಉಸಿರು ನೋಡಿಸಿದೆ. ಮೂರು ನಿಮಿಷಕ್ಕೆ ಎದೆ ಬಡಿತ ಜೋರಾಗಿ ಕಣ್ಣು ಬಿಟ್ಟರು. ಹೀಗಾಗುವುದುಂಟು. ಆತಂಕ ಎದೆಯಲ್ಲೇ ಕೂತಿರುವವರಿಗೆ ಎದೆಯನ್ನೇ ನೋಡಿ ಎಂದರೆ ಬೆಂಕಿಗೆ ಗಾಳಿ ಹಾಕಿದ ಹಾಗೆ. ಉಸಿರನ್ನು ಬಿಟ್ಟೆವು. ಕಣ್ಣು ತೆರೆದು, ಎರಡೂ ಪಾದ ನೆಲಕ್ಕೆ ತಾಗಿರುವ ಕಡೆ ಗಮನ, ಆಮೇಲೆ ಕೋಣೆಯ ಸದ್ದುಗಳು. ಅದು ಹೊಂದಿತು. ಮನೆಗೆ ಕೊಟ್ಟ ಅಭ್ಯಾಸ ತೀರ ಚಿಕ್ಕದು: ಫೋನು ಅದುರಿದಾಗ ಕೈ ಹೋಗುವ ಮುಂಚೆ ಪಾದ ಎಲ್ಲಿದೆ, ಭುಜ ಎಲ್ಲಿದೆ ನೋಡಿ. ಆಮೇಲೆ ಬೇಕಾದರೆ ಎತ್ತಿಕೊಳ್ಳಿ.

ಮೂರನೆಯ ಭೇಟಿಯಲ್ಲಿ ನಾನೊಂದು ಎಡವಟ್ಟು ಮಾಡಿದೆ. ಮನೋವಿಜ್ಞಾನಿ ಸ್ಟೀವನ್ ಹೇಯ್ಸ್ ಮತ್ತು ಸಂಗಡಿಗರು ಎಂಬತ್ತರ ದಶಕದಿಂದ ಕಟ್ಟಿದ ಸ್ವೀಕಾರ ಮತ್ತು ಬದ್ಧತೆಯ ಚಿಕಿತ್ಸೆಯನ್ನು ವಿವರಿಸುತ್ತ, “ಎದೆಯಲ್ಲಿ ಬರೋ ಆ ಗಂಟನ್ನ ಒಪ್ಪಿಕೊಳ್ಳಿ” ಎಂದುಬಿಟ್ಟೆ. ಅವರ ಮುಖ ಕಟ್ಟಿಕೊಂಡಿತು. “ಎಲ್ರೂ ಇದನ್ನೇ ಹೇಳೋದು. ಒಪ್ಕೋ, ಹೊಂದ್ಕೋ, ನುಂಗ್ಕೋ.” ಅವರು ಹೇಳಿದ್ದು ಸರಿ. ನಮ್ಮ ಮಾತಿನಲ್ಲಿ ‘ಒಪ್ಪಿಕೊಳ್ಳು’ವಿಗೆ ಸೋಲಿನ ವಾಸನೆ ಅಂಟಿಕೊಂಡಿದೆ, ತಪ್ಪನ್ನೂ ಒಪ್ಪಿಕೊಳ್ಳುತ್ತೇವೆ, ಬೇಡದ ಕೆಲಸವನ್ನೂ ಒಪ್ಪಿಕೊಳ್ಳುತ್ತೇವೆ. ‘ಸ್ವೀಕಾರ’ ಅಂದರೆ ಸಭೆಯಲ್ಲಿ ಹಾರ ಹಾಕಿಸಿಕೊಂಡಂತೆ ಕೇಳುತ್ತದೆ. ಅಂದಿನಿಂದ ನಾನು ‘ಜಾಗ ಕೊಡಿ’ ಎನ್ನುತ್ತೇನೆ. ಬಸ್ಸಿನಲ್ಲಿ ಇಷ್ಟವಿಲ್ಲದವರು ಪಕ್ಕ ಬಂದು ಕೂತರೂ ನಮ್ಮ ಪ್ರಯಾಣ ನಿಲ್ಲುವುದಿಲ್ಲವಲ್ಲ, ಅಂಥ ಜಾಗ.

ಕಾಗದದ ನಡುವೆ ಒಂದು ಗೆರೆ ಎಳೆದೆ. ಎಡಕ್ಕೆ ಚರ್ಮದ ಒಳಗಿನದು: ಎದೆಯ ಗಂಟು, ‘ನಾನು ಸಾಲದು’ ಎಂಬ ಯೋಚನೆ, ನಾಚಿಕೆ. ಬಲಕ್ಕೆ ಹೊರಗಿನದು: ಮೂವರ ಕೆಲಸ, ರಾತ್ರಿ ಹತ್ತರ ಸಂದೇಶಗಳು, ಒಂದೇ ಅಂಕಿಅಂಶವನ್ನು ಎರಡು ನಮೂನೆಯಲ್ಲಿ ಕಳಿಸುವ ವಾರದ ವರದಿಗಳು. ಜಾಗ ಕೊಡಬೇಕಾದ್ದು ಎಡಕ್ಕೆ ಮಾತ್ರ. ಆಕೆ ಇಷ್ಟು ದಿನ ತಿರುಗುಮುರುಗಾಗಿ ಮಾಡಿದ್ದರು. ಒಳಗಿನದರ ಜೊತೆ ಹಗಲಿರುಳು ಗುದ್ದಾಟ, ಹೊರಗಿನದಕ್ಕೆ ತಲೆಬಾಗುವಿಕೆ. ಗುದ್ದಾಡಿದಷ್ಟೂ ಯೋಚನೆ ಬಲಿಯುತ್ತದೆ. ಮನೋವಿಜ್ಞಾನಿ ಡೇನಿಯಲ್ ವೆಗ್ನರ್ 1987ರ ಪ್ರಯೋಗದಲ್ಲಿ ಬಿಳಿ ಕರಡಿಯನ್ನು ನೆನೆಯಬೇಡಿ ಎಂದಾಗ ಜನರಿಗೆ ಅದೇ ಮತ್ತೆ ಮತ್ತೆ ನೆನಪಾಗಿತ್ತು.

ಐದನೆಯ ಭೇಟಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಪದವೊಂದನ್ನು ಬೇಗಬೇಗ ಹೇಳುತ್ತ ಹೋದರೆ ಅದರ ಅರ್ಥ ಕಳಚಿ ಬರೀ ಸದ್ದು ಉಳಿಯುತ್ತದೆ ಎಂದು ಟಿಚ್ನರ್ ಎಂಬ ಮನೋವಿಜ್ಞಾನಿ ನೂರು ವರ್ಷಕ್ಕೂ ಹಿಂದೆ ಗಮನಿಸಿದ್ದರು. ಈ ಚಿಕಿತ್ಸೆ ಅದನ್ನು ಎತ್ತಿಕೊಂಡಿದೆ. ‘ಸಾಲದು’ವನ್ನೇ ಆರಿಸಿಕೊಂಡೆವು. ಮೊದಲ ಸಲ ಹೇಳುವಾಗ ಅವರ ಧ್ವನಿ ಕಟ್ಟಿತು. ನಾನೂ ಜೊತೆಗೂಡಿದೆ. ಸಾಲದು ಸಾಲದು ಸಾಲದು. ಅರ್ಧ ನಿಮಿಷದ ಹೊತ್ತಿಗೆ ಅದು ತಾನೇ ಮಗುಚಿಕೊಂಡು ‘ದುಸಾಲ ದುಸಾಲ ದುಸಾಲ’ ಆಗಿತ್ತು. ಇಬ್ಬರು ದೊಡ್ಡವರು ಎದುರುಬದುರು ಕೂತು ದುಸಾಲ ಎನ್ನುತ್ತಿದ್ದೇವೆ! ಆಕೆ ನಕ್ಕರು, ನಗುತ್ತಲೇ ಅತ್ತರು. ಆಮೇಲೆ ಹೇಳಿದ್ದು: “ಇದು ನಿಜ ಅಲ್ಲ ಅಂತ ಅನ್ನಿಸ್ತಿಲ್ಲ. ಆದ್ರೆ ಇದು ಒಂದು ಮಾತು ಅಷ್ಟೇ ಅನ್ನಿಸ್ತಿದೆ.” ನನಗೆ ಬೇಕಿದ್ದೂ ಅಷ್ಟೇ. ಯೋಚನೆ ಸುಳ್ಳೆಂದು ವಾದಿಸಿ ಗೆಲ್ಲುವುದು ಈ ದಾರಿಯಲ್ಲ.

ಮುಂದಿನ ಎರಡು ಭೇಟಿಗಳಲ್ಲಿ ಬಲಭಾಗದ ಪಟ್ಟಿ. ಎಂಥ ಮೇಲ್ವಿಚಾರಕಿ ಆಗಬೇಕೆಂದಿದ್ದಿರಿ ಎಂದು ಕೇಳಿದರೆ ‘ದಕ್ಷ’ ಎನ್ನಬಹುದು ಎಂದುಕೊಂಡಿದ್ದೆ. “ನನ್ನ ಜೊತೆ ಕೆಲಸ ಮಾಡೋರು ಹೆದರದೆ ನನ್ನ ಹತ್ರ ಬರಬೇಕು” ಎಂದರು. ಈಗ ಬರುತ್ತಾರಾ? ಇಲ್ಲ, ಅವರ ಮುಖ ನೋಡಿಯೇ ಹಿಂದಿರುಗುತ್ತಾರೆ. ಈ ಉತ್ತರ ಅವರನ್ನು ನೋಯಿಸಿತು. ಆದರೆ ಮುಂದಿನ ಹೆಜ್ಜೆಗಳೆಲ್ಲ ಹೊರಟಿದ್ದು ಅಲ್ಲಿಂದಲೇ.

ನಾನು ಕೊಟ್ಟ ಸಲಹೆ ಹೆಚ್ಚೇನಿಲ್ಲ. ದಿನಕ್ಕೆ ಅರ್ಧ ಗಂಟೆ ಬಾಗಿಲು ತೆರೆದು, ಪರದೆ ಮುಚ್ಚಿ, ತಂಡಕ್ಕೆ ಸಿಗಿ. ರಾತ್ರಿ ಎಂಟರ ನಂತರದ ಸಂದೇಶಕ್ಕೆ ಬೆಳಿಗ್ಗೆ ಉತ್ತರ. ಹಾಗೆ ಬಿಟ್ಟಾಗ ಎದೆಯಲ್ಲಿ ಗಂಟು ಖಂಡಿತ ಬರುತ್ತದೆ, ಅದು ತಪ್ಪು ಮಾಡಿದ ಗುರುತು ಅಂದುಕೊಳ್ಳಬೇಡಿ, ಹಳೆಯ ಅಭ್ಯಾಸ ಬಾಗಿಲು ತಟ್ಟುತ್ತಿದೆ ಅಷ್ಟೇ. ಮೇಲಧಿಕಾರಿಯ ಬಳಿ ‘ನನಗೆ ಕಷ್ಟ ಆಗ್ತಿದೆ’ ಎಂದು ಹೋಗಬೇಡಿ. ಎರಡು ವಾರ ಯಾವ ಕೆಲಸಕ್ಕೆ ಎಷ್ಟು ಹೊತ್ತು ಹೋಯಿತೆಂದು ಬರೆದು ಆ ಹಾಳೆ ಹಿಡಿದು ಹೋಗಿ, ಎರಡೇ ಬೇಡಿಕೆ ಇಡಿ. ಸಿಗದೇ ಹೋದರೆ ಏನು ಎಂಬುದನ್ನೂ ಮೊದಲೇ ಯೋಚಿಸಿಡಿ, ಬೇರೆ ವಿಭಾಗವೋ ಬೇರೆ ಕೆಲಸವೋ. ಕೆಲಸ ಬಿಡಿ ಎಂದು ನಾನು ಹೇಳುವುದಿಲ್ಲ, ಬಿಡಬೇಡಿ ಎಂದೂ ಹೇಳುವುದಿಲ್ಲ. ಮನೆ ನಡೆಸುವವರು ಅವರು.

ಹೊರಗಿನದನ್ನು ಬಿಟ್ಟು ಮನಸ್ಸನ್ನು ಮಾತ್ರ ತಿದ್ದಲು ಹೋದರೆ ಈ ಚಿಕಿತ್ಸೆ ಯಜಮಾನರ ಕೈಯ ಮುಲಾಮು ಆಗುತ್ತದೆಂಬ ಭಯ ನನಗಿದೆ. ಫ್ರಾಂಕ್ ಬಾಂಡ್ ಮತ್ತು ಡೇವಿಡ್ ಬನ್ಸ್ ಗ್ರಾಹಕ ಸೇವಾ ಕೇಂದ್ರದ ನೌಕರರನ್ನು ಅಧ್ಯಯನ ಮಾಡಿ 2003ರಲ್ಲಿ ಪ್ರಕಟಿಸಿದ ಫಲಿತಾಂಶ ಈ ಭಯಕ್ಕೆ ಉತ್ತರದಂತಿದೆ. ಬೇಡದ ಭಾವನೆಗಳಿಗೆ ಜಾಗ ಕೊಡಬಲ್ಲವರ ಮಾನಸಿಕ ಆರೋಗ್ಯ ಒಂದು ವರ್ಷದ ನಂತರ ಉತ್ತಮವಾಗಿತ್ತು. ತಮ್ಮ ಕೆಲಸದ ಮೇಲೆ ಹಿಡಿತವೂ ಇದ್ದಾಗ ಆ ಹಿಡಿತದ ಲಾಭ ಹೆಚ್ಚಾಗಿ ದಕ್ಕಿದ್ದೂ ಅಂಥವರಿಗೇ. ಎರಡೂ ಬೇಕು.

ಹಾಳೆ ಹಿಡಿದು ಹೋದರು. ಎರಡು ವರದಿ ಒಂದಾಯಿತು. ಖಾಲಿ ಹುದ್ದೆಗಳ ಬಗ್ಗೆ ‘ನೋಡೋಣ’ ಎಂಬ ಉತ್ತರ ಬಂತು. ಬಾಗಿಲು ತೆರೆದ ಅರ್ಧ ಗಂಟೆಗೆ ಮೊದಲ ವಾರ ಯಾರೂ ಬರಲಿಲ್ಲ, ಎರಡನೆಯ ವಾರ ಒಬ್ಬ ಹುಡುಗ ರಜೆ ಕೇಳಲು ಬಂದ. ಒಂದು ರಾತ್ರಿ ಹತ್ತೂವರೆಗೆ ತಡೆಯಲಾರದೆ ಲ್ಯಾಪ್‌ಟಾಪ್ ತೆರೆದು ಒಂದರವರೆಗೆ ಕೂತಿದ್ದನ್ನೂ ಹೇಳಿಕೊಂಡರು, ಈ ಸಲ ಕ್ಷಮೆ ಕೇಳದೆ. ಒಟ್ಟು ಹನ್ನೊಂದು ವಾರ, ಒಂಬತ್ತು ಭೇಟಿ.

ಮೂರು ತಿಂಗಳ ನಂತರ ಮತ್ತೊಮ್ಮೆ ಬಂದರು. ನಿದ್ದೆ ವಾಸಿ, ಮೂರರ ಎಚ್ಚರ ವಾರಕ್ಕೊಮ್ಮೆ. ಹುದ್ದೆಗಳು ಖಾಲಿಯೇ ಇವೆ. ಒಳಗಿನ ಬೇರೊಂದು ವಿಭಾಗಕ್ಕೆ ಅರ್ಜಿ ಹಾಕಿದ್ದಾರೆ, ಫಲಿತಾಂಶ ಬಂದಿಲ್ಲ. ಮಾತಿನ ನಡುವೆ ಫೋನು ಅದುರಿತು. ಭುಜ ಏರಿತು. ಅವರು ಅದನ್ನು ನೋಡಿ, ಮೆಲ್ಲಗೆ ಇಳಿಸಿ, “ಬಂತು ದುಸಾಲ” ಎಂದು ಗೊಣಗಿ, ಬಿಟ್ಟಲ್ಲಿಂದ ಮಾತು ಮುಂದುವರಿಸಿದರು.