ವಾರಕ್ಕೆ ಎರಡು ದಿನ ಸಾಕು, ಆದರೆ ವರ್ಷಗಟ್ಟಲೆ ಬೇಕು

ಭಾರ ಎತ್ತುವ ವ್ಯಾಯಾಮದ ಬಗ್ಗೆ ಈ ತಿಂಗಳು ಬಂದ ಪತ್ರಗಳಲ್ಲಿ ಎಷ್ಟು ಭಾರ ಎತ್ತಬೇಕು ಎಂದು ಕೇಳಿದವರು ಕಡಿಮೆ. ಅದಕ್ಕೆ ಹೊತ್ತು ಎಲ್ಲಿಂದ ತರಬೇಕು ಎಂದು ಕೇಳಿದವರೇ ಹೆಚ್ಚು. ಮೈಸೂರಿನ ನನ್ನ ಪುಟ್ಟ ಜಿಮ್‌ಗೆ ಬರುವವರ ಮೊದಲ ಪ್ರಶ್ನೆಯೂ ಇದೇ. ಹಾಗಾಗಿ ಈ ಸಲದ ಜಾಗವನ್ನೆಲ್ಲ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನಗೆ 38 ವರ್ಷ. ಮನೆ ತುಮಕೂರಿನಲ್ಲಿ, ಕೆಲಸ ಬೆಂಗಳೂರಿನ ಒಂದು ಬ್ಯಾಂಕ್ ಶಾಖೆಯಲ್ಲಿ. ಬೆಳಿಗ್ಗೆ ಏಳರ ಸುಮಾರಿಗೆ ರೈಲು ಹಿಡಿದರೆ ತಿರುಗಿ ತುಮಕೂರಿನಲ್ಲಿ ಇಳಿಯುವಾಗ ರಾತ್ರಿ ಎಂಟು. ಐದು ತಿಂಗಳ ಹಿಂದೆ ವರ್ಷದ ಶುಲ್ಕ ಒಟ್ಟಿಗೇ ಕಟ್ಟಿ ಜಿಮ್ ಸೇರಿದೆ. ವಾರಕ್ಕೆ ಆರು ದಿನ ನಿಲ್ದಾಣದಿಂದ ನೇರ ಅಲ್ಲಿಗೇ ಹೋಗುತ್ತೇನೆ. ಮನೆ ಸೇರುವಾಗ ಹತ್ತು ಗಂಟೆ, ಮಕ್ಕಳಿಬ್ಬರೂ ಮಲಗಿರುತ್ತಾರೆ. ‘ಈ ಮನೆಗೆ ನೀವು ಮಲಗುವುದಕ್ಕೆ ಮಾತ್ರ ಬರುತ್ತೀರಿ’ ಎಂದಳು ಹೆಂಡತಿ. ಒಂದು ದಿನ ತಪ್ಪಿಸಿದರೂ ಮಾಡಿದ್ದೆಲ್ಲ ನೀರುಪಾಲು ಎನ್ನುತ್ತಾರೆ ತರಬೇತುದಾರರು. ಇತ್ತ ಸ್ಕ್ವಾಟ್, ಅಂದರೆ ಹೆಗಲ ಮೇಲೆ ಭಾರ ಹೊತ್ತು ಕುಳಿತೇಳುವುದು, ಮೂರು ತಿಂಗಳಿನಿಂದ 60 ಕೆ.ಜಿ.ಯಲ್ಲೇ ನಿಂತಿದೆ. ಬಿಟ್ಟುಬಿಡಲೇ ಮೇಡಂ?

ಉತ್ತರ: ಬಿಡಬೇಡಿ. ಆರು ದಿನವನ್ನು ಎರಡಕ್ಕೆ ಇಳಿಸಿ. ನಾಳೆಯಿಂದಲ್ಲ, ಇವತ್ತಿನಿಂದಲೇ.

ಹೆಂಡತಿಯ ಮಾತನ್ನೂ ನಿಂತುಹೋದ ಸ್ಕ್ವಾಟನ್ನೂ ನೀವು ಎರಡು ಬೇರೆ ಬೇರೆ ತೊಂದರೆಗಳೆಂಬಂತೆ ಬರೆದಿದ್ದೀರಿ. ಎರಡರ ಬೇರೂ ಒಂದೇ. ರಾತ್ರಿ ಹತ್ತಕ್ಕೆ ಮನೆ ಸೇರಿ, ಉಂಡು ಮಲಗಿ, ಮತ್ತೆ ಏಳರ ರೈಲಿಗೆ ಸಿದ್ಧರಾಗುವ ನಿಮಗೆ ಆರು ಗಂಟೆ ನಿದ್ದೆಯೂ ಸಿಗುತ್ತಿರಲಾರದು. ಗಟ್ಟಿಯಾಗಿ ಕಸರತ್ತು ಮಾಡಿದ ಮೇಲೆ ಸ್ನಾಯು ತನ್ನನ್ನು ತಾನು ದುರಸ್ತಿ ಮಾಡಿಕೊಂಡು ಕಟ್ಟಿಕೊಳ್ಳುವ ಕೆಲಸ ಒಂದೆರಡು ದಿನ ನಡೆಯುತ್ತದೆ. ಆ ಕೆಲಸಕ್ಕೆ ಬೇಕಾದದ್ದು ಊಟ ಮತ್ತು ನಿದ್ದೆ. ನೀವು ಎರಡನ್ನೂ ಕಡಿಮೆ ಮಾಡಿ ಕಸರತ್ತನ್ನು ಮಾತ್ರ ಹೆಚ್ಚಿಸಿದ್ದೀರಿ. ಸ್ಕ್ವಾಟ್ ಏರುವುದಾದರೂ ಹೇಗೆ?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ದೊಡ್ಡವರಿಗೆ ಸ್ನಾಯು ಬಲಪಡಿಸುವ ವ್ಯಾಯಾಮವನ್ನು ವಾರಕ್ಕೆ ಎರಡು ಅಥವಾ ಹೆಚ್ಚು ದಿನ ಎಂದೇ ಹೇಳುತ್ತದೆ. ಜೊತೆಗೆ ನಡಿಗೆಯಂಥ ಚಟುವಟಿಕೆ ವಾರಕ್ಕೆ 150 ನಿಮಿಷವಾದರೂ ಇರಲಿ ಎನ್ನುತ್ತದೆ. ನಿಲ್ದಾಣಕ್ಕೆ ಹೋಗಿಬರುವ ದಾರಿಯಲ್ಲಿ ಚುರುಕಾಗಿ ನಡೆದರೆ ಅದರಲ್ಲಿ ಬಹುಪಾಲು ಸಲ್ಲುತ್ತದೆ.

ನಿಮ್ಮ ವಾರವನ್ನು ನಾನು ಹೀಗೆ ಜೋಡಿಸುತ್ತೇನೆ. ಬುಧವಾರ ಸಂಜೆ ಒಂದು ದಿನ. ಇನ್ನೊಂದು ಭಾನುವಾರ, ಮಕ್ಕಳು ಏಳುವ ಮೊದಲು. ನೀವು ಬ್ಯಾಂಕಿನವರು, ಎರಡನೆಯ ಮತ್ತು ನಾಲ್ಕನೆಯ ಶನಿವಾರ ನಿಮಗೆ ರಜೆ. ಆ ವಾರಗಳಲ್ಲಿ ಭಾನುವಾರದ ಬದಲು ಶನಿವಾರ ಬೆಳಿಗ್ಗೆಯೇ ಮುಗಿಸಿ, ಭಾನುವಾರವನ್ನು ಪೂರ್ತಿಯಾಗಿ ಮನೆಗೆ ಕೊಡಿ. ಒಂದು ದಿನ ಸ್ಕ್ವಾಟ್, ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಮಲಗಿ ಭಾರವನ್ನು ಮೇಲಕ್ಕೆ ಒತ್ತುವುದು), ಬಾರ್‌ಬೆಲ್ ರೋ (ಮುಂದಕ್ಕೆ ಬಾಗಿ ಭಾರವನ್ನು ಹೊಟ್ಟೆಯತ್ತ ಎಳೆಯುವುದು). ಇನ್ನೊಂದು ದಿನ ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತಿ ನೆಟ್ಟಗೆ ನಿಲ್ಲುವುದು), ನಿಂತು ತಲೆಯ ಮೇಲಕ್ಕೆ ಎತ್ತುವ ಪ್ರೆಸ್, ಲ್ಯಾಟ್ ಪುಲ್‌ಡೌನ್ (ಯಂತ್ರದಲ್ಲಿ ತಲೆಯ ಮೇಲಿನ ಸರಳನ್ನು ಎದೆಯತ್ತ ಎಳೆಯುವುದು). ಪ್ರತಿಯೊಂದಕ್ಕೂ ಮೂರು ಸೆಟ್ (ಸುತ್ತು), ಸೆಟ್ಟಿಗೆ ಐದರಿಂದ ಎಂಟು ಸಲ, ನಡುವೆ ಎರಡು ಮೂರು ನಿಮಿಷ ವಿಶ್ರಾಂತಿ. ಐವತ್ತು ನಿಮಿಷದಲ್ಲಿ ಹೊರಗೆ ಬರಬಹುದು. ಬೈಸೆಪ್ಸ್‌ಗೆ ನಾಲ್ಕು ಬಗೆ, ಭುಜಕ್ಕೆ ಐದು ಬಗೆ ಎಂಬುದನ್ನೆಲ್ಲ ಸದ್ಯಕ್ಕೆ ಮರೆತುಬಿಡಿ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ, ಇದು ಬಹಳ ಮುಖ್ಯ. ಸ್ಕ್ವಾಟನ್ನು 60ರಿಂದ 50ಕ್ಕೆ ಇಳಿಸಿ. ಮೊದಲು 20 ಕೆ.ಜಿ.ಯ ಖಾಲಿ ಬಾರ್ ಹೊತ್ತು ಎಂಟು ಸಲ, ಆಮೇಲೆ ಬಾರ್ ಸೇರಿ 35 ಕೆ.ಜಿ. ಮಾಡಿ ಐದು ಸಲ, ನಂತರ 50ರಲ್ಲಿ ಮೂರು ಸೆಟ್. ತೊಡೆ ನೆಲಕ್ಕೆ ಸಮಾನಾಂತರವಾಗುವಷ್ಟು ಇಳಿದು, ಹಿಮ್ಮಡಿ ಮೇಲೇಳದೆ ಮೂರೂ ಸೆಟ್ ಮುಗಿಸಿದರೆ ‘50, 6-6-6’ ಎಂದು, ಅಂದರೆ 50 ಕೆ.ಜಿ.ಯಲ್ಲಿ ಮೂರೂ ಸೆಟ್ ಆರಾರು ಸಲ ಎಂದು ಬರೆಯಿರಿ. ಮುಂದಿನ ಸಲ ಎರಡೂ ಬದಿಗೆ ಒಂದೂಕಾಲು ಕೆ.ಜಿ.ಯ ಪ್ಲೇಟ್ ಸೇರಿಸಿ 52.5 ಮಾಡಿ. ಕೊನೆಯ ಸೆಟ್ಟಿನಲ್ಲಿ ಬೆನ್ನು ಬಾಗಿತೋ, ಅದನ್ನೂ ಬರೆದು ಮುಂದಿನ ಸಲ ಅದೇ ಭಾರದಲ್ಲಿ ನಿಲ್ಲಿ. ಎಷ್ಟು ದಿನ ಜಿಮ್‌ಗೆ ಹೋದಿರಿ ಎಂಬ ಲೆಕ್ಕ ಆ ಪುಸ್ತಕದಲ್ಲಿ ಬೇಡ, ಭಾರದ ಲೆಕ್ಕ ಮಾತ್ರ ಇರಲಿ.

ನಿಧಾನವಾಯಿತು ಎನಿಸಿದರೆ ನಮ್ಮ ಕುಂದಾಪುರ ಕಡೆಯ ವೇಟ್‌ಲಿಫ್ಟರ್ ಗುರುರಾಜ ಪೂಜಾರಿಯವರ ಲೆಕ್ಕ ನೋಡಿ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕೆ.ಜಿ. ದೇಹತೂಕದ ವಿಭಾಗದಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕೆ.ಜಿ. ವಿಭಾಗದಲ್ಲಿ 269 ಕೆ.ಜಿ. ಎತ್ತಿ ಕಂಚು ಗೆದ್ದರು. ಅದನ್ನೇ ಬದುಕಾಗಿಸಿಕೊಂಡ ಕ್ರೀಡಾಪಟುವಿನ ಎರಡು ಪದಕಗಳ ನಡುವೆ ನಾಲ್ಕು ವರ್ಷ, ಇಪ್ಪತ್ತು ಕಿಲೋ.

ಒಂದು ದಿನ ತಪ್ಪಿದರೆ ಏನೂ ನೀರುಪಾಲಾಗುವುದಿಲ್ಲ. ಎರಡು ವಾರ ಪೂರ್ತಿ ನಿಲ್ಲಿಸಿದರೂ ಶಕ್ತಿ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಅದಕ್ಕಿಂತ ಹೆಚ್ಚು ಕಾಲ ಬಿಟ್ಟು ಕಳೆದುಕೊಂಡರೂ ಮೊದಲ ಸಲ ಗಳಿಸಿದ್ದಕ್ಕಿಂತ ಬೇಗ ಮರಳಿ ಬರುತ್ತದೆ. ಮಗುವಿಗೆ ಜ್ವರ ಬಂದ ಬುಧವಾರ ನೀವು ಮನೆಯಲ್ಲೇ ಇರಬೇಕು, ನಿಶ್ಚಿಂತೆಯಿಂದ ಇರಬೇಕು.

ಇನ್ನೊಂದು ಮಾತು. ಬುಧವಾರ, ಭಾನುವಾರ ಎಂದು ನಾನು ಹೇಳಿದೆನೆಂದು ಅದನ್ನೇ ಮನೆಯಲ್ಲಿ ಘೋಷಿಸಬೇಡಿ. ವಾರದಲ್ಲಿ ಎರಡು ಹೊತ್ತು ಬೇಕು, ಯಾವುದಾದರೆ ನಿನಗೆ ಅನುಕೂಲ ಎಂದು ಹೆಂಡತಿಯನ್ನೇ ಕೇಳಿ. ಅವರಿಗೂ ವಾರದಲ್ಲಿ ಅಷ್ಟೇ ಹೊತ್ತು ಬಿಡುವು ಸಿಗುವಂತೆ, ಆ ಹೊತ್ತಿನಲ್ಲಿ ಮಕ್ಕಳು ನಿಮ್ಮ ಬಳಿ ಇರುವಂತೆ ಮಾಡಿ. ಈ ಲೆಕ್ಕ ಸರಿಹೋಗದ ಮನೆಗಳಲ್ಲಿ ಜಿಮ್ ಹೆಚ್ಚು ದಿನ ಉಳಿದದ್ದನ್ನು ನಾನು ಕಂಡಿಲ್ಲ.

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಶಾಲೆಯ ಶಿಕ್ಷಕಿ. 46 ವರ್ಷ. ಮೆಟ್ಟಿಲಿಳಿಯುವಾಗ ಮೊಣಕಾಲು ನೋಯುತ್ತದೆ. ಮೂಳೆ ವೈದ್ಯರು ಪರೀಕ್ಷಿಸಿ, ದೊಡ್ಡ ತೊಂದರೆಯೇನಿಲ್ಲ, ತೊಡೆಯ ಸ್ನಾಯು ಬಲಪಡಿಸಿಕೊಳ್ಳಿ ಎಂದರು. ಡಂಬೆಲ್ ತಂದಿಟ್ಟರೆ ಅತ್ತೆಯವರು, ‘ಹೆಂಗಸರು ಭಾರ ಎತ್ತಬಾರದು, ಗಂಡಸರ ಮೈಯಾಗುತ್ತದೆ’ ಎನ್ನುತ್ತಾರೆ. ಊರಿನಲ್ಲಿ ಹೆಂಗಸರು ಹೋಗುವಂಥ ಜಿಮ್ ಇಲ್ಲ. ಸೋಮವಾರ ಉಪವಾಸ ಮಾಡುತ್ತೇನೆ. ಮೊಟ್ಟೆ ತಿನ್ನುವುದಿಲ್ಲ.

ಉತ್ತರ: ನಿಮ್ಮ ವೈದ್ಯರು ಸರಿಯಾದದ್ದನ್ನೇ ಹೇಳಿದ್ದಾರೆ. ಮೊಣಕಾಲು ನೋವೆಂದರೆ ಕಾಲು ಅಲುಗಿಸದೆ ಕೂರಬೇಕು ಎಂಬ ನಂಬಿಕೆಯಿಂದ ನಮ್ಮ ಹೆಣ್ಣುಮಕ್ಕಳು ಎಷ್ಟು ವರ್ಷ ಕಳೆದುಕೊಂಡಿದ್ದಾರೆ ಎಂದು ನೆನೆದರೆ ನನಗೆ ಸಂಕಟವಾಗುತ್ತದೆ.

ಅತ್ತೆಯವರ ಮಾತಿಗೆ ಬರೋಣ. ಅಡುಗೆ ಅನಿಲದ ತುಂಬಿದ ಸಿಲಿಂಡರ್‌ನಲ್ಲಿ 14.2 ಕೆ.ಜಿ. ಅನಿಲ ಇರುತ್ತದೆ. ಉಕ್ಕಿನ ತೂಕವೂ ಸೇರಿದರೆ 30 ಕೆ.ಜಿ.ಯ ಆಸುಪಾಸು. ಅದನ್ನು ಹೊಸ್ತಿಲು ದಾಟಿಸಿ ಕಟ್ಟೆಯ ಕೆಳಗೆ ಸೇರಿಸುವವರು ಮನೆಯ ಹೆಂಗಸರೇ. 25 ಕೆ.ಜಿ.ಯ ಅಕ್ಕಿ ಚೀಲ, ನೀರಿನ ಕೊಡ, ನಿದ್ದೆಹೋದ ಮೊಮ್ಮಗು, ಎಲ್ಲವೂ ಭಾರವೇ. ನಿಮ್ಮ ಅತ್ತೆಯವರೂ ಬದುಕಿಡೀ ಎತ್ತಿದ್ದಾರೆ. ಹೇಗೆ ಎತ್ತಬೇಕೆಂದು ಅವರಿಗೆ ಯಾರೂ ಕಲಿಸಲಿಲ್ಲ ಅಷ್ಟೆ. ಸೊಂಟ ಬಾಗಿಸಿಯೇ ಎತ್ತಿರುತ್ತಾರೆ. ವಾದ ಮಾಡುವ ಬದಲು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ನಿಮ್ಮ ವ್ಯಾಯಾಮ ಮಾಡಿ. ಗಂಡಸರ ಮೈ ಬರುವ ಭಯವೂ ಬೇಡ. ಸ್ನಾಯು ದಪ್ಪವಾಗುವುದಕ್ಕೆ ನೆರವಾಗುವ ಟೆಸ್ಟೊಸ್ಟಿರೋನ್ ಹೆಂಗಸರಲ್ಲಿ ಗಂಡಸರಿಗಿಂತ ತೀರಾ ಕಡಿಮೆ. ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೊಜನ್ ಇಳಿದು ಮೂಳೆ ಸವೆಯುವುದು ಚುರುಕಾಗುತ್ತದೆ. ನಿಮ್ಮದು ಅದಕ್ಕೆ ಹತ್ತಿರದ ವಯಸ್ಸು. ಮೂಳೆಯನ್ನು ಕಾಪಾಡಿಕೊಳ್ಳುವ ಕೆಲವೇ ದಾರಿಗಳಲ್ಲಿ ಭಾರ ಎತ್ತುವುದೂ ಒಂದು.

ಜಿಮ್ ಇಲ್ಲದಿದ್ದರೆ ಚಿಂತೆಯಿಲ್ಲ. ಗಟ್ಟಿಯಾದ ಕುರ್ಚಿಯೊಂದನ್ನು ಗೋಡೆಗೆ ಒತ್ತಿ ಇಡಿ. ಅದರ ಮುಂದೆ ಪಾದಗಳನ್ನು ಭುಜದಷ್ಟು ಅಗಲಿಸಿ ನಿಂತು, ಸೊಂಟವನ್ನು ಹಿಂದಕ್ಕೆ ಕಳಿಸುತ್ತಾ ಮೂರು ಎಣಿಸುವಷ್ಟು ನಿಧಾನವಾಗಿ ಇಳಿಯಿರಿ. ಕುರ್ಚಿ ತಾಕಿದ ಕೂಡಲೇ, ಮೈಭಾರ ಬಿಡದೆ, ಹಿಮ್ಮಡಿಯಿಂದ ನೆಲ ಒತ್ತಿ ಏಳಿ. ಮೊಣಕಾಲು ಒಳಕ್ಕೆ ವಾಲದೆ ಪಾದದ ದಿಕ್ಕಿನಲ್ಲೇ ಇರಲಿ. ನೋವಾದರೆ ಕುರ್ಚಿಯ ಮೇಲೆ ದಿಂಬು ಇಟ್ಟು ಎತ್ತರ ಹೆಚ್ಚಿಸಿಕೊಳ್ಳಿ. ಎಂಟು ಸಲ, ಮೂರು ಸೆಟ್. ಎರಡು ವಾರ ಸಲೀಸಾಗಿ ಹೋದರೆ ಎದೆಗೆ ಡಂಬೆಲ್ ಅಪ್ಪಿಕೊಂಡು ಮಾಡಿ. ಜೊತೆಗೆ ಗೋಡೆಗೆ ಕೈ ಊರಿ ಪುಷ್‌ಅಪ್, ಒಂದು ಕೈ ಮೇಜಿಗೆ ಊರಿ ಇನ್ನೊಂದು ಕೈಯಲ್ಲಿ ಡಂಬೆಲ್ಲನ್ನು ಸೊಂಟದತ್ತ ಎಳೆಯುವುದು, ಎರಡೂ ಕೈಯಲ್ಲಿ ಭಾರ ಹಿಡಿದು ಪಡಸಾಲೆಯಲ್ಲಿ ನಡೆಯುವುದು. ಬುಧವಾರ ಒಂದು ಸಲ, ಶನಿವಾರ ಬೆಳಗಿನ ಶಾಲೆ ಮುಗಿಸಿ ಬಂದ ಮಧ್ಯಾಹ್ನ ಒಂದು ಸಲ. ಸೋಮವಾರದ ಉಪವಾಸಕ್ಕೂ ಇದಕ್ಕೂ ಅಡ್ಡಿಯಿಲ್ಲ. ಮೊಣಕಾಲು ಊದಿಕೊಂಡರೆ ಅಥವಾ ನಡುವೆ ಸಿಕ್ಕಿಹಾಕಿಕೊಂಡಂತಾದರೆ ಮಾತ್ರ ನಿಲ್ಲಿಸಿ ಮತ್ತೆ ವೈದ್ಯರ ಬಳಿಗೆ ಹೋಗಿ.

ಮೊಟ್ಟೆ ತಿನ್ನದಿದ್ದರೂ ಪ್ರೋಟೀನ್ ಸಿಗುತ್ತದೆ. ಊಟದಲ್ಲಿ ರೊಟ್ಟಿಯ ಸಂಖ್ಯೆ ಹಾಗೆಯೇ ಇರಲಿ, ಪಲ್ಯದ ಪಾಲು ದೊಡ್ಡದಾಗಲಿ. ಮಡಕೆಕಾಳು, ಹೆಸರುಕಾಳು, ಹುರುಳಿ ಯಾವುದಾದರೂ ದಿನಕ್ಕೊಂದು ಬಟ್ಟಲು, ಜೊತೆಗೆ ಗಟ್ಟಿ ಮೊಸರು, ಶೇಂಗಾ ಹಿಂಡಿ (ಚಟ್ನಿಪುಡಿ). ನಿಮ್ಮ ಕಡೆಯ ಊಟದಲ್ಲಿ ಇದೆಲ್ಲ ಮೊದಲಿನಿಂದಲೂ ಇದೆ. ಎಲ್ಲರಿಗೂ ಬಡಿಸಿ ಕೊನೆಗೆ ಕೂರುವ ನಿಮ್ಮ ತಟ್ಟೆಗೂ ಅದು ಪೂರ್ತಿ ಬೀಳಬೇಕು.

ಪ್ರಶ್ನೆ: ಧಾರವಾಡದಲ್ಲಿ ಹಾಸ್ಟೆಲ್‌ನಲ್ಲಿದ್ದು ಓದುತ್ತಿದ್ದೇನೆ. 20 ವರ್ಷ, 60 ಕೆ.ಜಿ. ತೂಕ. ಪ್ರೋಟೀನ್ ಪುಡಿ ಕೊಳ್ಳುವಷ್ಟು ಹಣವಿಲ್ಲ. ಪುಡಿ ಇಲ್ಲದೆ ಜಿಮ್ ವ್ಯರ್ಥವೇ?

ಉತ್ತರ: ಖಂಡಿತ ಅಲ್ಲ. ನಿಮ್ಮ ತೂಕಕ್ಕೆ ದಿನಕ್ಕೆ 90ರಿಂದ 100 ಗ್ರಾಂ ಪ್ರೋಟೀನ್ ಸಿಕ್ಕರೆ ಧಾರಾಳವಾಯಿತು. ನಾಲ್ಕು ಮೊಟ್ಟೆಯಲ್ಲಿ 24 ಗ್ರಾಂ, ಅರ್ಧ ಲೀಟರ್ ಹಾಲಿನಲ್ಲಿ 16, ಒಂದು ಹಿಡಿಗಿಂತ ಹೆಚ್ಚೇ ಎನ್ನಿ, 50 ಗ್ರಾಂ ಶೇಂಗಾದಲ್ಲಿ 12, ಬಿಸಿನೀರಿನಲ್ಲಿ ನೆನೆಸಿ ಹಿಂಡಿದ 30 ಗ್ರಾಂ ಸೋಯಾ ಚಂಕ್ಸ್‌ನಲ್ಲಿ 15. ಇಲ್ಲಿಗೇ 67 ಆಯಿತು. ಮೆಸ್ಸಿನ ರೊಟ್ಟಿ, ಕಾಳು, ಸಾರು, ಮಜ್ಜಿಗೆ ಉಳಿದದ್ದನ್ನು ತುಂಬುತ್ತವೆ. ಪ್ರೋಟೀನ್ ಪುಡಿಯೂ ಹೆಚ್ಚಾಗಿ ಹಾಲಿನಿಂದಲೇ ತೆಗೆದದ್ದು. ಅದರಲ್ಲಿರುವುದು ಅನುಕೂಲ, ಮಂತ್ರಶಕ್ತಿಯಲ್ಲ. ಅಂಗಡಿಯವರು ತೋರಿಸುವ ಬೇರೆ ಡಬ್ಬಗಳತ್ತ ನೋಡಲೇಬೇಡಿ. ಸ್ನಾಯು ಬೆಳೆಸುವ ಇಂಜೆಕ್ಷನ್ ಎಂದು ಯಾರಾದರೂ ಕಿವಿಯಲ್ಲಿ ಉಸುರಿದರೆ ಆ ಜಿಮ್ಮನ್ನೇ ಬಿಡಿ. ಪರೀಕ್ಷೆಯ ತಿಂಗಳಲ್ಲಿ ವಾರಕ್ಕೊಮ್ಮೆ ಹೋಗಿ, ಉಳಿದ ಹೊತ್ತು ಓದಿ, ಚೆನ್ನಾಗಿ ನಿದ್ದೆ ಮಾಡಿ.

ಪ್ರಶ್ನೆ: ಶಿರಸಿ ಹತ್ತಿರದ ಹಳ್ಳಿಯಲ್ಲಿ ಅಡಿಕೆ ತೋಟ. ನನಗೆ 27. ಬೈಕಿನಲ್ಲಿ ಶಿರಸಿಯ ಜಿಮ್‌ಗೆ ವಾರಕ್ಕೆ ಮೂರು ದಿನ ಹೋಗುತ್ತೇನೆ. ಅಡಿಕೆ ಗೊನೆಯ ಕೊಯ್ಲು ಶುರುವಾದರೆ ಎರಡು ತಿಂಗಳು ಪುರಸೊತ್ತಿಲ್ಲ. ಪ್ರತಿ ವರ್ಷ ಅಲ್ಲಿಗೆ ನಿಂತುಹೋಗುತ್ತದೆ. ‘ದಿನವಿಡೀ ಮೈಮುರಿದು ದುಡಿಯುವವನಿಗೆ ಜಿಮ್ ಯಾಕೆ’ ಎನ್ನುತ್ತಾರೆ ಅಪ್ಪ.

ಉತ್ತರ: ಅಪ್ಪ ಕೇಳಿದ್ದು ಒಳ್ಳೆಯ ಪ್ರಶ್ನೆ. ತೋಟದ ಕೆಲಸ ನಿಮಗೆ ದಣಿಯದೆ ದುಡಿಯುವ ತಾಕತ್ತು ಕೊಡುತ್ತದೆ. ಆದರೆ ಒಂದೇ ಭಾರವನ್ನು, ಒಂದೇ ಭಂಗಿಯಲ್ಲಿ, ಸಾವಿರ ಸಲ. ಗೊನೆ ಹೊರುವಾಗ ಒಂದೇ ಹೆಗಲು, ಸುಲಿಯುವಾಗ ಗಂಟೆಗಟ್ಟಲೆ ಬಗ್ಗಿದ ಬೆನ್ನು. ಜಿಮ್‌ನಲ್ಲಿ ಭಾರ ಸ್ವಲ್ಪ ಸ್ವಲ್ಪವೇ ಏರುತ್ತದೆ, ಎರಡೂ ಬದಿಗೆ ಸಮನಾಗಿ ಬೀಳುತ್ತದೆ. ಐವತ್ತು ದಾಟಿದ ಮೇಲೂ ಸೊಂಟ ಹಿಡಿಯದೆ ತೋಟ ಮಾಡಬೇಕೆಂದರೆ ಅದು ಬೇಕು. ಹಾಗೆಂದು ಅಪ್ಪನಿಗೆ ಹೇಳಿ.

ಕೊಯ್ಲಿನ ಹೊತ್ತಿನಲ್ಲಿ ಪೂರ್ತಿ ನಿಲ್ಲಿಸಬೇಡಿ, ಪೂರ್ತಿ ಮಾಡಲೂ ಹೋಗಬೇಡಿ. ಇಲ್ಲಿ ಮೈಸೂರಿನ ಗರಡಿಗಳಲ್ಲಿ ದಸರಾ ಕುಸ್ತಿಗೆ ಅಣಿಯಾಗುವವರೂ ವರ್ಷದ ಹನ್ನೆರಡು ತಿಂಗಳು ಒಂದೇ ಸಮನೆ ಸಾಮು ಮಾಡುವುದಿಲ್ಲ. ನೀವು ವಾರಕ್ಕೆ ಒಂದು ಸಲ, ಹೇಗೂ ಸಾಮಾನಿಗೆ ಪೇಟೆಗೆ ಬರುವ ದಿನ, ಮುಕ್ಕಾಲು ಗಂಟೆ ಕೊಡಿ. ಸ್ಕ್ವಾಟ್, ಬೆಂಚ್ ಪ್ರೆಸ್, ರೋ, ತಲಾ ಎರಡೇ ಸೆಟ್. ಡೆಡ್‌ಲಿಫ್ಟ್ ಬೇಡ, ನಿಮ್ಮ ಬೆನ್ನಿಗೆ ತೋಟದಲ್ಲೇ ಸಾಕಷ್ಟು ಕೆಲಸವಿದೆ. ಆದರೆ ಬಾರ್ ಮೇಲಿನ ಭಾರವನ್ನು ಇಳಿಸಬೇಡಿ. ಸೆಟ್ ಕಡಿಮೆಯಾದರೂ ಭಾರ ಹಾಗೆಯೇ ಇದ್ದರೆ ಗಳಿಸಿದ ಶಕ್ತಿ ಎರಡು ತಿಂಗಳು ಉಳಿದುಕೊಳ್ಳುತ್ತದೆ. ಅಡಿಕೆ ಬೇಯಿಸುವ ಒಲೆಯ ಮುಂದೆ ನಿದ್ದೆಗೆಟ್ಟ ರಾತ್ರಿಯ ಮರುದಿನವಾದರೆ ಅದನ್ನೂ ಬಿಟ್ಟುಬಿಡಿ. ನಿದ್ದೆಗಣ್ಣಿನಲ್ಲಿ ಬಾರ್ ಹೊರುವುದೂ ತಪ್ಪು, ಬೈಕ್ ಓಡಿಸುವುದೂ ತಪ್ಪು.

ಅಡಿಕೆ ಒಣಗಿ ಚೀಲಕ್ಕೆ ಬಿದ್ದ ಮೇಲೆ ಮೊದಲ ವಾರ ಎರಡು ದಿನ ಹೋಗಿ, ಹಳೆಯ ಭಾರದ ಮುಕ್ಕಾಲು ಪಾಲಿನಲ್ಲಿ ಮೂರು ಸೆಟ್ ಮಾಡಿ. ಎರಡನೆಯ ವಾರ ಮೂರು ದಿನ, ಡೆಡ್‌ಲಿಫ್ಟ್ ಆಗ ಸೇರಿಸಿ, ಅದೂ ಹಗುರವಾಗಿ. ನಾಲ್ಕನೆಯ ವಾರದ ಹೊತ್ತಿಗೆ ಹಳೆಯ ಭಾರಕ್ಕೆ ಬಂದಿರುತ್ತೀರಿ. ಬಂದ ಮೇಲೆ ಸ್ಕ್ವಾಟ್ ಎಷ್ಟಾಯಿತೆಂದು ಬರೆಯಿರಿ.